ಬ್ಯಾಟರಿ ಕೈ: ನನಗೆ ಐದು ಬೆರಳು, ಅದಕ್ಕೆ ಎರಡೇ ಸೆನ್ಸರ್

ತೋಳಿನ ಸ್ನಾಯು ಬಿಗಿ ಹಿಡಿದರೆ ಓಡುವ ಈ ಕೃತಕ ಕೈಯ ತೂಕ, ಹಿಡಿತ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದೆಲ್ಲ ಕಂಪನಿಯವರ ಕಾಗದದಲ್ಲೇ ಇದೆ. ಮಂಡ್ಯದ ಬೇಸಿಗೆ, ಮಳೆಗಾಲ ಎರಡರಲ್ಲೂ ಹಾಕಿಕೊಂಡು ಓಡಾಡಿದ ಮೇಲೆ ನಾನು ಹೇಳಬೇಕಾದ್ದು ಬೇರೆಯೇ ಇದೆ.

ಆಲೆಮನೆಯ ಗಾಣಕ್ಕೆ ಸಿಕ್ಕಿ ಎಡಗೈ ಹೋಯಿತು. ಆದರೆ ನನ್ನ ಅನುಭವಕ್ಕೆ ಬೆರಳುಗಳು ಹೋಗಿಲ್ಲ. ಹೆಬ್ಬೆರಳು ಮಡಿಸಬೇಕು ಅಂದುಕೊಂಡರೆ ಹೆಬ್ಬೆರಳೇ ಮಡಿಯುತ್ತದೆ, ಕಿರುಬೆರಳು ಅಂದರೆ ಕಿರುಬೆರಳೇ. ಮೊಣಕೈ ಕೆಳಗೆ ಉಳಿದಿರುವ ತುಂಡಿನ ಮೇಲೆ ಬಲಗೈ ಇಟ್ಟರೆ, ಒಂದೊಂದು ಬೆರಳಿಗೂ ಒಂದೊಂದು ಕಡೆ ಮಿಸುಕುವುದು ಗೊತ್ತಾಗುತ್ತದೆ. ಬೆರಳನ್ನು ಎಳೆಯುವ ದೊಡ್ಡ ಸ್ನಾಯುಗಳು ಇರುವುದೇ ಅಲ್ಲಿ, ಅಲ್ವಾ?

ಈ ಬ್ಯಾಟರಿ ಕೈಯನ್ನು ನನಗೆ ಅಳವಡಿಸಿಕೊಟ್ಟ ಹುಡುಗ ಮಾತ್ರ, 'ಇಷ್ಟು ವರ್ಷ ಆಗಿದೆ ಅಕ್ಕ, ಮೆದುಳಲ್ಲಿ ಕೈಯ ಜಾಗವನ್ನು ಮುಖ ತಗೊಂಡಿರುತ್ತೆ, ಜಾಸ್ತಿ ಆಸೆ ಇಟ್ಕೋಬೇಡಿ' ಅಂದ. ಹಾಗೆ ನಂಬುವುದಕ್ಕೆ ಕಾರಣವೂ ಇತ್ತು. ಮೆದುಳಿನಲ್ಲಿ ಕೈಯ ಜಾಗದ ಪಕ್ಕದಲ್ಲೇ ಮುಖದ ಜಾಗ. ಕೆನ್ನೆ ಮುಟ್ಟಿದರೆ ಕೆಲವರಿಗೆ ಇಲ್ಲದ ಬೆರಳು ಮುಟ್ಟಿದ ಹಾಗಾಗುತ್ತದೆ ಎಂದು ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ತೋರಿಸಿದ್ದರು. ಆದರೆ 2025ರಲ್ಲಿ ಇನ್ನೊಬ್ಬ ನರವಿಜ್ಞಾನಿ ಟಮಾರ್ ಮೇಕಿನ್ ಅವರ ತಂಡ, ಕೈ ತೆಗೆಸಬೇಕಾಗಿದ್ದ 3 ಜನರ ಮೆದುಳನ್ನು ಮೊದಲೇ ಸ್ಕ್ಯಾನ್ ಮಾಡಿ, ಆಮೇಲೂ ಮಾಡಿ ಹೋಲಿಸಿತು. ಒಬ್ಬರಲ್ಲಿ 5 ವರ್ಷದ ನಂತರವೂ ಕೈಯ ನಕ್ಷೆ ಹೆಚ್ಚುಕಡಿಮೆ ಹಾಗೇ ಇತ್ತು. ತುಟಿಯ ಜಾಗ ಅದರೊಳಗೆ ಹರಡಿರಲಿಲ್ಲ. ಇದನ್ನು ಓದಿದ ದಿನ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಇಷ್ಟೆಲ್ಲ ಇದ್ದೂ ಈ ಕೈ ಕೇಳಿಸಿಕೊಳ್ಳುವುದು ಎರಡೇ ಮಾತು. ಸ್ನಾಯು ಬಿಗಿಯುವುದನ್ನು ಗುರುತಿಸುವ ಸೆನ್ಸರ್ ಇರುವುದು ಎರಡೇ: ಒಂದು ಕೈ ಮುಚ್ಚುವುದಕ್ಕೆ, ಇನ್ನೊಂದು ತೆರೆಯುವುದಕ್ಕೆ. ಮುಷ್ಟಿಯಿಂದ ಚಿವುಟುವ ಹಿಡಿತಕ್ಕೆ ಬರಬೇಕಾದರೆ ಎರಡೂ ಕಡೆ ಸ್ನಾಯು ಒಟ್ಟಿಗೆ ಬಿಗಿ ಹಿಡಿಯಬೇಕು. ಹೆಬ್ಬೆರಳು ಅಂತ ನಾನು ಅಂದುಕೊಂಡಿದ್ದು ಅದಕ್ಕೆ ತಲುಪುವುದೇ ಇಲ್ಲ. ಇಷ್ಟು ದುಡ್ಡು ತೆಗೆದುಕೊಂಡ ಮೇಲೆ ಇದನ್ನು ಮೊದಲೇ ಬಿಡಿಸಿ ಹೇಳಬೇಕಿತ್ತು.

ಬೆಳಿಗ್ಗೆ ತೋಳು ಒರೆಸಿ, ಫ್ಯಾನಿನ ಕೆಳಗೆ ಚೆನ್ನಾಗಿ ಆರಲು ಬಿಟ್ಟು ಸಾಕೆಟ್, ಅಂದರೆ ತೋಳಿನ ತುಂಡು ಕೂರುವ ಗೂಡು, ಹಾಕುತ್ತೇನೆ. ಮುದ್ದೆ ತಿರುವುವಾಗ ಆ ಕೈ ಪಾತ್ರೆಯ ಹಿಡಿ ಹಿಡಿದಿರುತ್ತದೆ, ಬಲಗೈಯಲ್ಲಿ ಕೋಲು. ಹಿಟ್ಟಿನ ಗಂಟು ಒಡೆದು, ಕೋಲಿಗೆ ಬಿಗಿ ಸಿಗುವವರೆಗೆ ಪಾತ್ರೆ ಅಲುಗುವುದಿಲ್ಲ. ಮೊದಲೆಲ್ಲ ಯಾರಾದರೂ ಬಂದು ಹಿಡಿಯಲಿ ಅಂತ ಕಾಯಬೇಕಿತ್ತು. ಏಪ್ರಿಲ್‌ನಲ್ಲಿ ಮಾತ್ರ ಬೆವರಿಗೆ ಸೆನ್ಸರ್ ಕೆಟ್ಟು ಕೈ ತಾನಾಗೇ ತೆರೆದುಕೊಳ್ಳುತ್ತದೆ. ಬಿಸಿ ಪಾತ್ರೆ, ಹುಷಾರು.

ನಾನು ನೆನೆಸದೇ ಇದ್ದ ಸುಖ ಒಂದಿದೆ. ನನ್ನ ಇಲ್ಲದ ಕೈ ಯಾವಾಗಲೂ ಮುಷ್ಟಿ ಕಟ್ಟಿರುತ್ತಿತ್ತು, ಉಗುರು ಅಂಗೈಗೆ ಚುಚ್ಚಿದ ಹಾಗೆ ನೋವು. ಈ ಕೈ ನಿಧಾನ ತೆರೆಯುವುದನ್ನು ನೋಡುತ್ತಾ ಕೂತರೆ ಒಳಗಿನ ಮುಷ್ಟಿಯೂ ಸಡಿಲ ಆಗುತ್ತದೆ. ಎಲ್ಲರಿಗೂ ಹೀಗೇ ಆಗುತ್ತದೆ ಅನ್ನಲಾರೆ. ನನಗಂತೂ ಸಾಲದ ಕಂತು ಕಟ್ಟುವಾಗ ಹೊಟ್ಟೆ ಉರಿಯದಿರುವುದಕ್ಕೆ ಇದೇ ಕಾರಣ.

ಬರೀ ಹಿಡಿದುಕೊಳ್ಳುವ ಕೆಲಸಕ್ಕಾದರೆ ಭುಜದಿಂದ ತಂತಿ ಎಳೆಯುವ ಕೊಕ್ಕೆ ಕೈ ಸಾಕು, ದುಡ್ಡೂ ಕಡಿಮೆ, ಬೆವರಿಗೆ ಸೆನ್ಸರ್ ಕೆಡುವ ಕಾಟವೂ ಇಲ್ಲ. ಬ್ಯಾಟರಿಯದ್ದೇ ಬೇಕು ಅಂದರೆ, ಜಾಸ್ತಿ ಸೆನ್ಸರ್ ಇಟ್ಟು, ಯಾವ ಚಲನೆಗೆ ಯಾವ ಸ್ನಾಯುಗಳು ಹೇಗೆ ಮಿಸುಕುತ್ತವೆ ಎಂಬ ಮಾದರಿ ಗುರುತಿಸುವಂಥದ್ದು ಸಿಗುತ್ತದಾ ಕೇಳಿ. ಮುಂಗಡ ಕೊಡುವ ಮೊದಲು ನಿಮ್ಮ ತೋಳಿಗೇ ಹಾಕಿಸಿ, ಒಂದೊಂದೇ ಬೆರಳು ಮಡಿಸಿ ನೋಡಿ.