ಡ್ರೈವ್ ಮನೆಯಲ್ಲೋ, ಪಂಪ್ ಶೆಡ್ಡಿನಲ್ಲೋ?

ಕಾಸರಗೋಡಿನ ಎಣ್ಮಕಜೆ ಕಡೆಯ ಗುಡ್ಡದ ತೋಟಗಳಲ್ಲಿ ಮೀಟರ್ ಮೇಲೆ ಮನೆಯಲ್ಲಿ, ಪಂಪು ಕೆಳಗೆ ಹೊಳೆಬದಿಯಲ್ಲಿ. ನಡುವೆ 250 ಮೀಟರ್ ಕೇಬಲ್ ಅಂದರೆ ಮಾಮೂಲಿ. 5 ಎಚ್.ಪಿ. ಮೋಟಾರಿಗೆ ವಿ.ಎಫ್.ಡಿ., ಅಂದರೆ ಮೋಟಾರಿನ ವೇಗ ಏರಿಸಿ ಇಳಿಸುವ ಡ್ರೈವ್, ಹಾಕಿಸುವಾಗ ಎಲ್ಲರೂ ಮೊದಲು ಕೇಳುವುದು ಯಾವ ಕಂಪನಿಯದು ಅಂತ. ನಮ್ಮ ಡ್ರೈವ್ ಮನೆ ಜಗಲಿಯಲ್ಲಿದೆ, ಭಾವನದು ಪಂಪ್ ಶೆಡ್ಡಿನಲ್ಲಿ. ಎರಡನ್ನೂ ಬೇಸಿಗೆಯಿಡೀ ನೋಡಿದವನಾಗಿ ಹೇಳುತ್ತೇನೆ, ಕಂಪನಿಗಿಂತ ಕೇಬಲ್ಲಿನ ದಪ್ಪ ಮತ್ತು ಡ್ರೈವ್ ಕೂತ ಜಾಗವೇ ದೊಡ್ಡ ವಿಷಯ.

ಕೇಬಲ್ ಲೆಕ್ಕ ಎರಡೂ ಕಡೆ ಹೆಚ್ಚುಕಮ್ಮಿ ಒಂದೇ. ಮೋಟಾರ್ 8 ಆಂಪಿಯರ್ ಎಳೆಯುವಾಗ 2.5 ಸ್ಕ್ವೇರ್ (ಚದರ ಮಿ.ಮೀ.) ತಾಮ್ರದಲ್ಲಿ ಸುಮಾರು 26 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. 4 ಸ್ಕ್ವೇರ್ ಆದರೆ 16, 6 ಸ್ಕ್ವೇರ್ ಆದರೆ 11. ಡ್ರೈವ್ ಇದ್ದರೆ ಸ್ಟಾರ್ಟ್ ಮಾಡುವಾಗ ಆರೇಳು ಪಟ್ಟು ಕರೆಂಟ್ ಎಳೆಯುವುದಿಲ್ಲ, ಹಾಗಾಗಿ ಸಪೂರ ವಯರ್ ಸಾಕು ಎನ್ನುವವರಿದ್ದಾರೆ. ಸ್ಟಾರ್ಟ್ ಆದ ಮೇಲೆ ಓಡುವ ಕರೆಂಟ್ ಎಲ್ಲಿ ಹೋಗುತ್ತದೆ? ದುಡ್ಡು ಉಳಿಸಬೇಕಿದ್ದರೆ 10 ಸ್ಕ್ವೇರ್ ಅಲ್ಯೂಮಿನಿಯಂ ನೋಡಬಹುದು. ಅದರ ರೆಸಿಸ್ಟೆನ್ಸ್ 6 ಸ್ಕ್ವೇರ್ ತಾಮ್ರದಷ್ಟೇ. ಆದರೆ ವಯರಿನ ತುದಿಗೆ ಸರಿಯಾದ ಲಗ್ (ಲೋಹದ ಟೋಪಿ) ಒತ್ತಿಸದೆ ಸುಮ್ನೆ ತಿರುಚಿ ಜೋಡಿಸಿದರೆ ಜಾಯಿಂಟ್ ಬಿಸಿಯಾಗುವುದು ಖಂಡಿತ.

ಶೆಡ್ಡಿನಲ್ಲಿಟ್ಟರೆ ಮೋಟಾರಿಗೆ ಸುಖ, ಡ್ರೈವಿಗೆ ಕಷ್ಟ. ಡ್ರೈವ್ ಒಳಗೆ ಎಸಿಯನ್ನು ಡಿಸಿ ಮಾಡಿಕೊಳ್ಳುತ್ತದೆ. ಲೈನಿನಲ್ಲಿ 415 ವೋಲ್ಟ್ ಇದ್ದರೆ ಡಿಸಿ 560ರ ಆಸುಪಾಸು. ಸಂಜೆ ಡ್ರೈವಿನ ಬಾಯಿಗೆ 350 ಮಾತ್ರ ಸಿಕ್ಕಾಗ ಭಾವನ ಡಿಸ್‌ಪ್ಲೇಯಲ್ಲಿ ಡಿಸಿ 470ರ ಕೆಳಗೆ ಇಳಿಯುತ್ತದೆ. ಇನ್ನೂ ಇಳಿದರೆ ಅಂಡರ್‌ವೋಲ್ಟೇಜ್ ಟ್ರಿಪ್, ಡ್ರೈವ್ ತಾನಾಗಿಯೇ ನಿಲ್ಲುತ್ತದೆ. ಮೇಲಾಗಿ ಡ್ರೈವ್ ಕರೆಂಟನ್ನು ಒಂದೇ ಸಮ ಎಳೆಯುವುದಿಲ್ಲ, ಅಲೆಯ ತುದಿಯಲ್ಲಿ ಗಬಕ್ಕನೆ ಎಳೆಯುತ್ತದೆ. ಡ್ರೈವಿನ ಮುಂದೆ ಇನ್‌ಪುಟ್ ಚೋಕ್ (ತಂತಿ ಸುರುಳಿ) ಹಾಕಿದರೆ ಈ ಎಳೆತ ಸ್ವಲ್ಪ ಹದಕ್ಕೆ ಬರುತ್ತದೆ. ಹೊಳೆಬದಿಯ ತೇವ, ಬೋರ್ಡಿನೊಳಗೆ ನುಗ್ಗುವ ಹಲ್ಲಿ, ಇರುವೆ ಬೇರೆ. ತುಲಾಮಾಸದ (ಅಕ್ಟೋಬರ್-ನವೆಂಬರ್) ಸಿಡಿಲಿನ ಬಗ್ಗೆ ಕಾಸರಗೋಡಿನವರಿಗೆ ಹೇಳಬೇಕಾ!

ಮನೆಯಲ್ಲಿಟ್ಟರೆ ಡ್ರೈವ್ ಆರಾಮ. ಆದರೆ ದಾರಿಯಲ್ಲಿ ವೋಲ್ಟೇಜ್ ಬೀಳುವುದು ಡ್ರೈವ್ ದಾಟಿದ ಮೇಲೆ. ಡಿಸ್‌ಪ್ಲೇಯಲ್ಲಿ ಎಲ್ಲ ಸರಿ ಕಾಣುತ್ತದೆ, ಕೆಳಗೆ ಮೋಟಾರ್ ಬಿಸಿಯಾಗುತ್ತಿರುತ್ತದೆ. ಇನ್ನೊಂದು ತೊಂದರೆಯೂ ಇದೆ. ಡ್ರೈವಿನಿಂದ ಹೊರಡುವ ಚೂಪು ಪಲ್ಸ್ ಉದ್ದ ಕೇಬಲ್ಲಿನ ಕೊನೆಗೆ ಹೋಗಿ ಬಡಿದು ವಾಪಸಾಗುತ್ತದೆ. ಆಗ ಮೋಟಾರಿನ ಟರ್ಮಿನಲ್ಲಿನಲ್ಲಿ ಡಿಸಿ ವೋಲ್ಟೇಜಿನ ಎರಡು ಪಟ್ಟು, ಅಂದರೆ 1,100 ವೋಲ್ಟಿನವರೆಗೂ ಏರಬಹುದು. ಹಳೆ ವೈಂಡಿಂಗಿಗೆ ಇದು ವಿಷ. ಅದಕ್ಕೇ ನಮ್ಮಲ್ಲಿ ಡ್ರೈವಿನ ಪಕ್ಕದಲ್ಲೇ ಪಲ್ಸನ್ನು ನಯವಾದ ಅಲೆ ಮಾಡುವ ಸೈನ್ ಫಿಲ್ಟರ್ ಕೂರಿಸಿದ್ದು. ಅದೂ ಸ್ವಲ್ಪ ವೋಲ್ಟೇಜ್ ನುಂಗುತ್ತದೆ, ಬೆಲೆಯೂ ಜಾಸ್ತಿ.

ಹೀಗೆ ಬಿದ್ದ ವೋಲ್ಟೇಜನ್ನು ತುಂಬಿಕೊಳ್ಳುವ ದಾರಿ 50 ಹರ್ಟ್ಸ್‌ನಲ್ಲಿ, ಅಂದರೆ ಪೂರ್ತಿ ವೇಗದಲ್ಲಿ, ಇಲ್ಲ. ಒಳಗೆ ಬಂದದ್ದಕ್ಕಿಂತ ಹೆಚ್ಚು ವೋಲ್ಟೇಜನ್ನು ಡ್ರೈವ್ ಹೊರಗೆ ಕೊಡಲಾರದು. 45ಕ್ಕೆ ಇಳಿಸಿದರೆ ಆಟವೇ ಬೇರೆ. ಮೋಟಾರಿಗೆ ಆಗ ಬೇಕಾದದ್ದು ಸುಮಾರು 373 ವೋಲ್ಟ್ ಮಾತ್ರ. ಲೈನಿನಲ್ಲಿ 400 ಇದ್ದರೆ ಮಿಕ್ಕಿದ್ದು ಕೇಬಲ್ಲಿಗೆ, ಫಿಲ್ಟರಿಗೆ. ಡ್ರೈವಿನ ವೋಲ್ಟೇಜ್-ಫ್ರೀಕ್ವೆನ್ಸಿ ಸೆಟ್ಟಿಂಗನ್ನು ಅಷ್ಟು ಏರಿಸಿಕೊಂಡರಾಯಿತು. ಪಂಪಿನ ಹೊರೆಯೂ 73 ಶೇಕಡಾಕ್ಕೆ ಇಳಿಯುತ್ತದೆ. ಆದರೆ ನೀರಿನ ಒತ್ತಡ 81 ಶೇಕಡಾ ಮಾತ್ರ. ನಮ್ಮ ಮೇಲಿನ ತಟ್ಟಿನ ಸ್ಪ್ರಿಂಕ್ಲರ್ ಆಗ ತಿರುಗುವುದೇ ಇಲ್ಲ, ಕೆಳಗಿನ ಅಡಿಕೆಗೆ ಮಾತ್ರ ನೀರು. ಆದ್ದರಿಂದ ಮೇಲಿನ ತಟ್ಟಿಗೆ ವೋಲ್ಟೇಜ್ ಚೆನ್ನಾಗಿರುವ ಬೆಳಗಿನ ಜಾವ, ಕೆಳಗಿನದಕ್ಕೆ ಸಂಜೆ.

ಅಂದಹಾಗೆ, ಡ್ರೈವಿನ ಔಟ್‌ಪುಟ್ಟಿಗೆ ಸಾದಾ ಮಲ್ಟಿಮೀಟರ್ ಹಿಡಿದು ಬರುವ ಅಂಕಿಯನ್ನು ನಂಬಬೇಡಿ. ಅದು ಪಲ್ಸ್ ನೋಡಿ ಗಲಿಬಿಲಿಯಾಗುತ್ತದೆ.

ನನ್ನ ಆಯ್ಕೆ ಜಗಲಿಯೇ, 6 ಸ್ಕ್ವೇರ್ ಕೇಬಲ್ ಮತ್ತು ಫಿಲ್ಟರ್ ಜೊತೆ. ಶೆಡ್ಡು ಒಣಗಿದ್ದು, ಬಾಗಿಲು ಭದ್ರವಾಗಿದ್ದರೆ ಚೋಕ್ ಹಾಕಿ ಭಾವನ ಹಾಗೆ ಮಾಡಿ, ಖರ್ಚು ಕಮ್ಮಿ. ಪಂಪು 50 ಮೀಟರಿನೊಳಗೇ ಇದ್ದರೆ ಇಷ್ಟೆಲ್ಲ ತಲೆಬಿಸಿ ಬೇಡ, 4 ಸ್ಕ್ವೇರ್ ಎಳೆದು ಡ್ರೈವನ್ನು ಮಳೆ ಬೀಳದ ಕಡೆ ಇಟ್ಟರೆ ಸಾಕು.