ಎಚ್‌ಎಂಟಿ ಜನತಾ: ವರ್ಷಗಟ್ಟಲೆ ಕಟ್ಟಿದ ಮೇಲೆ ಬರೆದ ವಿಮರ್ಶೆ

ಹಳೇ ವಾಚು ಕೊಳ್ಳಬೇಕು, ಯಾವುದು ತಗೊಳ್ಳಲಿ ಅಂತ ಮಂಡ್ಯದಲ್ಲಿ ಯಾರೇ ಕೇಳಿದರೂ ನಾನು ಹೇಳುವುದು ಎಚ್‌ಎಂಟಿ ಜನತಾ. ಷರತ್ತು ಒಂದೇ: ಡಯಲ್ ಫ್ಯಾಕ್ಟರಿಯಿಂದ ಬಂದದ್ದೇ ಆಗಿರಬೇಕು. ಮಾಸಿದ್ದರೂ ಸರಿ, ಅಂಚು ಹಳದಿಗೆ ತಿರುಗಿದ್ದರೂ ಸರಿ, ಬಣ್ಣ ಮಾತ್ರ ಬಳಿದಿರಬಾರದು.

ನನ್ನದು ಬಿಳಿ ಡಯಲಿನ, 17 ಜ್ಯುವೆಲ್‌ನ (ಚಕ್ರಗಳ ತುದಿ ಕೂತು ತಿರುಗುವ ಸಣ್ಣ ಹರಳುಗಳು), ಕೀ ಕೊಡುವ ವಾಚು. ಮೈಸೂರಿನ ಒಬ್ಬ ಹಳಬ ರಿಪೇರಿಯವರ ಹತ್ತಿರ ಕೊಂಡದ್ದು. ಅವತ್ತಿನಿಂದ ವಾರದ ಬಹುಪಾಲು ದಿನ ನನ್ನ ಕೈಮೇಲಿರುವುದು ಇದೇ. ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ ಕೀ ಕೊಡುತ್ತೇನೆ, ತಿರುಪು ಬಿಗಿಯಾದ ಕೂಡಲೇ ನಿಲ್ಲಿಸುತ್ತೇನೆ. ಮರುದಿನ ಅದೇ ಹೊತ್ತಿನ ತನಕ ನಿಂತದ್ದಿಲ್ಲ. ದಿನಕ್ಕೆ ಅರ್ಧ ನಿಮಿಷದಷ್ಟು ಮುಂದೆ ಓಡುತ್ತದೆ. ಮೈಸೂರು ರೈಲು ಹಿಡಿಯುವವನಿಗೆ ಹಿಂದೆ ಬೀಳುವುದಕ್ಕಿಂತ ಇದೇ ವಾಸಿ.

ಇದರ ಮಷೀನು ಗಂಟೆಗೆ 18,000 ಸಲ ಬಡಿಯುತ್ತದೆ, ಸೆಕೆಂಡಿಗೆ ಐದು. ರಾತ್ರಿ ದಿಂಬಿನ ಹತ್ತಿರ ಇಟ್ಟರೆ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಬಡಿತ ನಿಧಾನ, ಭಾಗಗಳು ಕಡಿಮೆ, ಹಾಗಾಗಿ ಸವೆತವೂ ಕಡಿಮೆ. ಆದರೆ ಆಯಿಲ್ ಒಣಗುತ್ತದೆ. ಒಣಗಿದ ಮೇಲೂ ಓಡಿಸಿದರೆ ಚಕ್ರದ ಮೊಳೆಗಳು ತೇಯುತ್ತವೆ. ಮೂರ್ನಾಲ್ಕು ವರ್ಷಕ್ಕೊಮ್ಮೆ ಬಿಚ್ಚಿಸಿ, ತೊಳೆಸಿ, ಹೊಸ ಆಯಿಲ್ ಹಾಕಿಸಲೇಬೇಕು. 'ಚೆನ್ನಾಗೇ ಓಡ್ತಿದೆಯಲ್ಲ' ಅಂತ ಮುಂದೂಡಬೇಡಿ.

ಗಾಜು ಅಂತ ನಾವು ಕರೆಯುವುದು ಇಲ್ಲಿ ಅಕ್ರಿಲಿಕ್. ಗೀರು ಬೇಗ ಬೀಳುತ್ತದೆ. ಟೂತ್‌ಪೇಸ್ಟ್ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿದರೆ ಸಣ್ಣ ಗೀರುಗಳೆಲ್ಲ ಹೋಗುತ್ತವೆ. ನೀರಿನ ವಿಷಯದಲ್ಲಿ ಮಾತ್ರ ಈ ವಾಚಿನ ಮೇಲೆ ಭರವಸೆ ಇಡುವಂತಿಲ್ಲ. ಗದ್ದೆಗೆ ನೀರು ಹಾಯಿಸುವಾಗ, ಮಳೆಯಲ್ಲಿ ಸ್ಕೂಟರ್ ಓಡಿಸುವಾಗ ಬಿಚ್ಚಿ ಒಳಜೇಬಿಗೆ ಹಾಕಿಕೊಳ್ಳಬೇಕು. ನನ್ನ ವಾಚಿನ ಕೇಸು ಕ್ರೋಮ್ ಲೇಪದ್ದು. ಬೇಸಿಗೆಯ ಬೆವರಿಗೆ ಬೆಲ್ಟು ಕೂರುವ ಕಡೆ ಲೇಪ ಸವೆದು ಹಿತ್ತಾಳೆ ಕಾಣುತ್ತಿದೆ. ಮೊಬೈಲು, ಸ್ಪೀಕರಿನ ಪಕ್ಕ ಇಟ್ಟರೆ ಅಯಸ್ಕಾಂತ ತಗುಲಿ ವಾಚು ಇದ್ದಕ್ಕಿದ್ದಂತೆ ಜೋರಾಗಿ ಓಡಬಹುದು. ರಿಪೇರಿಯವರ ಹತ್ತಿರ ಅದನ್ನು ತೆಗೆಯುವ ಯಂತ್ರ ಇರುತ್ತದೆ, ಒಂದು ನಿಮಿಷದ ಕೆಲಸ.

ಈಗ ಡಯಲಿನ ವಿಚಾರ. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ವಾಚು ಶುರುವಾಯಿತು, ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. 2016ರಲ್ಲಿ ವಾಚು ಕಂಪನಿ ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ಅಲ್ಲಿಂದೀಚೆಗೆ ಬೇಡಿಕೆ ಏರಿ, ಹಳೇ ಮಷೀನಿಗೆ ಹೊಸದಾಗಿ ಅಚ್ಚು ಹಾಕಿದ ಡಯಲ್ ಕೂರಿಸಿ ಮಾರುವುದು ದೊಡ್ಡ ದಂಧೆಯೇ ಆಗಿದೆ. ಎಚ್‌ಎಂಟಿಯ ಇನ್ನೊಂದು ಮಾಡೆಲ್ ಪೈಲಟ್‌ನ ಗುರುತೇ ಕಪ್ಪು ಡಯಲ್. ಇವತ್ತು ಆನ್‌ಲೈನಿನಲ್ಲಿ ಕಿತ್ತಳೆ, ಗಿಳಿಹಸಿರು, ಗುಲಾಬಿ ಪೈಲಟ್‌ಗಳು ರಾಶಿ ರಾಶಿ ಸಿಗುತ್ತವೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಬಣ್ಣ ಬಳಿದಾಗ ಅಳಿದು ಹೋದ ಫ್ಯಾಕ್ಟರಿಯ ಅಚ್ಚನ್ನು ಮತ್ತೆ ತರಲು ಯಾರಿಂದಲೂ ಆಗುವುದಿಲ್ಲ.

ಕೊಳ್ಳುವಾಗ ಒಂದು ಭೂತಗನ್ನಡಿ ಜೊತೆಗಿರಲಿ. ಅಕ್ಷರಗಳ ಅಂಚು ಹರಡಿಕೊಂಡಿದ್ದರೆ, ಗಂಟೆಯ ಗುರುತು ನಿಮಿಷದ ಗೆರೆಗೆ ನೇರವಾಗಿ ಕೂತಿರದಿದ್ದರೆ, ಕೇಸು ಸವೆದು ಸುಣ್ಣವಾಗಿದ್ದರೂ ಡಯಲ್ ಮಾತ್ರ ಫಳಫಳ ಅನ್ನುತ್ತಿದ್ದರೆ ಅನುಮಾನ ಪಡಿ. ಮುಳ್ಳುಗಳು ಬೇರೆ ಮಾಡೆಲಿನವೇ ಅಂತಲೂ ನೋಡಿ. ಹಿಂದಿನ ಮುಚ್ಚಳ ತೆಗೆಸಿ ಮಷೀನು ತೋರಿಸಲು ಒಪ್ಪದವರ ಹತ್ತಿರ ವ್ಯಾಪಾರವೇ ಬೇಡ. ನನ್ನ ವಾಚಿನ ಡಯಲಿನಲ್ಲಿ ನಾಲ್ಕರ ಪಕ್ಕ ಒಂದು ಕಂದು ಚುಕ್ಕೆ ಇದೆ. ಅದನ್ನು ತೆಗೆಯಬಹುದೇ ಅಂತ ಕೇಳಿದ್ದಕ್ಕೆ ರಿಪೇರಿ ಯಜಮಾನರು, "ಮಷೀನು ಏನ್ ಬೇಕಾದ್ರೂ ಮಾಡ್ಕೊಡ್ತೀನಿ ಸಾರ್, ಡಯಲ್‌ಗೆ ಮಾತ್ರ ಕೈ ಹಾಕಲ್ಲ" ಅಂದರು. ಇಂಥವರು ಸಿಕ್ಕರೆ ಬಿಡಬೇಡಿ.

ಬಿಡಿಭಾಗದ ಚಿಂತೆ ಸದ್ಯಕ್ಕಿಲ್ಲ. ಲಕ್ಷಗಟ್ಟಲೆ ಜನ ಕಟ್ಟಿದ ವಾಚು, ಕೆಟ್ಟ ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಹಾಕುತ್ತಾರೆ. ಕಷ್ಟ ಇರುವುದು ಕೂತು ಮಾಡುವ ಕೈಗಳದ್ದು. ಮೈಸೂರಿನಲ್ಲಿ ದೊಡ್ಡ ಗಡಿಯಾರದ ಸುತ್ತಮುತ್ತ ವಿಚಾರಿಸಿ ನೋಡಿ, ಬ್ಯಾಟರಿ ಬದಲಾಯಿಸುವವರು ಬೇಕಾದಷ್ಟು ಜನ ಸಿಗುತ್ತಾರೆ. ಬ್ಯಾಲೆನ್ಸ್ ಚಕ್ರ, ಅಂದರೆ ಅತ್ತಿತ್ತ ತೂಗಿ ವಾಚಿನ ವೇಗ ಕಾಯುವ ಚಕ್ರ, ಸರಿ ಮಾಡುವವರನ್ನು ಹುಡುಕಬೇಕು.

ಇನ್ನು ಆಸೆಗಳು. ಕೈಗೆಟುಕದ್ದನ್ನು ಮೊದಲು ಹೇಳಿಬಿಡುತ್ತೇನೆ: ಒಮೆಗಾ ಸ್ಪೀಡ್‌ಮಾಸ್ಟರ್. 1969ರಲ್ಲಿ ಬಜ್ ಆಲ್ಡ್ರಿನ್ ಚಂದ್ರನ ನೆಲದ ಮೇಲೆ ಕಟ್ಟಿದ್ದು ಇದನ್ನೇ. 1970ರಲ್ಲಿ ಚಂದ್ರನ ಕಡೆ ಹೊರಟಿದ್ದ ಅಪೋಲೊ 13 ನೌಕೆ ಕೆಟ್ಟು ವಾಪಸು ಬರುವಾಗ, 14 ಸೆಕೆಂಡು ಎಂಜಿನ್ ಉರಿಸಿ ದಾರಿ ಸರಿಪಡಿಸಲು ಗಗನಯಾತ್ರಿಗಳು ಹೊತ್ತು ಅಳೆದದ್ದೂ ಇದರಿಂದಲೇ. ಅದೂ ನನ್ನ ಜನತಾದ ಹಾಗೆ ಕೈಯಲ್ಲಿ ಕೀ ಕೊಡುವ ವಾಚು ಅನ್ನುವುದೇ ನನಗೆ ದೊಡ್ಡ ಸಂತೋಷ. ಸೈಕೊ 6139 ಕೂಡ ಪಟ್ಟಿಯಲ್ಲಿದೆ, 1969ರ ಆಟೋಮ್ಯಾಟಿಕ್ ಕ್ರೋನೋಗ್ರಾಫ್, ಅಂದರೆ ಕೈ ಆಡಿಸಿದಂತೆ ತಾನೇ ಕೀ ಆಗುವ, ಸ್ಟಾಪ್‌ವಾಚ್ ಕೂಡ ಇರುವ ವಾಚು.

ಎಚ್‌ಎಂಟಿಯಲ್ಲೇ ಕಾಂಚನ್ ಬೇಕು. ಒಂದು ಕಾಲಕ್ಕೆ ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರು ಹೆಸರು ಹಿಡಿದು ಕೇಳುತ್ತಿದ್ದ ಆಟೋಮ್ಯಾಟಿಕ್ ವಾಚು ಅದು. ಮದ್ದೂರು, ಪಾಂಡವಪುರದ ಕಡೆಯ ಮನೆಗಳ ಬೀರುಗಳಲ್ಲಿ ಇನ್ನೂ ಇವೆ ಅಂತ ಕೇಳುತ್ತೇನೆ. ಮಾರಿ ಅಂತ ಒತ್ತಾಯ ಮಾಡಲು ನನಗೆ ಮನಸ್ಸಿಲ್ಲ. ಮನೆಯವರೇ ಸರ್ವೀಸ್ ಮಾಡಿಸಿ ಕಟ್ಟಿದರೆ ಇನ್ನೂ ಖುಷಿ.

ನಿಜವಾಗಿ ಹುಡುಕುತ್ತಿರುವುದು ಫಾವ್ರ್-ಲೂಬಾ ಸೀ ಚೀಫ್. ಈ ಸ್ವಿಸ್ ಕಂಪನಿ 19ನೇ ಶತಮಾನದಲ್ಲೇ ಬೊಂಬಾಯಿಗೆ ಬಂದದ್ದು, ನಮ್ಮ ಹಿಂದಿನ ತಲೆಮಾರಿನ ಮೇಷ್ಟ್ರುಗಳು, ಅಮಲ್ದಾರರು ಆಸೆಪಟ್ಟು ಕಟ್ಟಿದ ವಾಚು. ಎಚ್‌ಎಂಟಿಗಿಂತಲೂ ಹೆಚ್ಚು ಬಣ್ಣ ಬಳಿಸಿಕೊಂಡಿರುವುದು ಇದೇ. ಮೈಸೂರು, ಮಂಡ್ಯದಲ್ಲಿ ಯಾರ ಹತ್ತಿರವಾದರೂ ಮೂಲ ಡಯಲಿನದು ಇದ್ದರೆ ತಿಳಿಸಿ. ಓಡದಿದ್ದರೂ, ಗಾಜು ಒಡೆದಿದ್ದರೂ ತಗೊಳ್ಳುತ್ತೇನೆ.