ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ: ಹೊರದೇಶದ್ದಾ, ನಮ್ಮೂರಿನದ್ದಾ?

ಸೂಪರ್‌ಮಾರ್ಕೆಟ್‌ನಲ್ಲಿ ಈಗ ಹೊರದೇಶದ ರೆಡ್ ಗ್ಲೋಬ್, ನಮ್ಮ ಬೆಂಗಳೂರು ಬ್ಲೂ ಎರಡೂ ಸಿಗುತ್ತವೆ. ಯಾವುದು ತಗೊಳ್ಳೋದು?

ರೆಡ್ ಗ್ಲೋಬ್ ನೋಡೋಕೆ ಚೆಂದ. ಹಣ್ಣು ದಪ್ಪ, ಗಟ್ಟಿ. ಹಡಗಿನಲ್ಲಿ ವಾರಗಟ್ಟಲೆ ತಣ್ಣಗೆ ಕೂತು ಬರುವ ಹಣ್ಣು, ಹಾಗಾಗಿ ಫ್ರಿಜ್‌ನಲ್ಲೂ ಚೆನ್ನಾಗಿ ತಾಳುತ್ತದೆ. ಬೆಲೆ ಜಾಸ್ತಿ. ಹೊರದೇಶದ್ದು ಅಂದರೆ ಬೀಜ ಇರಲ್ಲ ಅಂದುಕೊಳ್ಳಬೇಡಿ, ಇದರಲ್ಲೂ ಇದೆ.

ಬೆಂಗಳೂರು ಬ್ಲೂ ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಬೀಜವೂ ಉಂಟು. ಬೇಗ ಗೊಂಚಲಿನಿಂದ ಉದುರುತ್ತದೆ. ಆದರೆ ಆ ಘಮ! ಒಂದು ಗೊಂಚಲು ತಂದಿಟ್ಟರೆ ಅಡುಗೆಮನೆ ತುಂಬಾ ಅದೇ ವಾಸನೆ. ಹುಳಿ, ಸಿಹಿ ಎರಡೂ ಇರುವುದರಿಂದ ಜ್ಯೂಸ್‌ಗೆ, ಜಾಮ್‌ಗೆ ಇದಕ್ಕೆ ಸಾಟಿಯಿಲ್ಲ. ವೈನ್ ಮಾಡುವವರೂ ಇದನ್ನು ಕೊಳ್ಳುತ್ತಾರೆ. 2013ರಲ್ಲಿ ಇದಕ್ಕೆ ಜಿಐ ಟ್ಯಾಗ್, ಅಂದರೆ ಇದು ಈ ಪ್ರದೇಶದ್ದೇ ವಿಶೇಷ ಬೆಳೆ ಎನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ವರ್ಷಕ್ಕೆ ಎರಡು ಬೆಳೆ ಬರುವುದರಿಂದ ತುಂಬಾ ದಿನ ಕಾಯಬೇಕಿಲ್ಲ. ನಂದಿ ಬೆಟ್ಟದ ಸುತ್ತಲಿನ ತೋಟದಿಂದ ಬಂದ ಹಣ್ಣು ತಾಜಾ ಇರುತ್ತದೆ ಅಲ್ವಾ?

ವಾರಕ್ಕೊಮ್ಮೆ ಮಾತ್ರ ಅಂಗಡಿಗೆ ಹೋಗುವವರಿಗೆ ರೆಡ್ ಗ್ಲೋಬ್ ಸರಿ. ಉಳಿದವರಿಗೆ ನಾನು ಹೇಳೋದು ಬೆಂಗಳೂರು ಬ್ಲೂ. ಮಕ್ಕಳು ಬೀಜ ಬೇಡ ಅಂದರೆ ಎರಡನ್ನೂ ಬಿಡಿ, ಬೇಸಿಗೆಯಲ್ಲಿ ಬರುವ, ಬೀಜವಿಲ್ಲದ ಕಪ್ಪು ಶರದ್ ದ್ರಾಕ್ಷಿ ಕೇಳಿ. ಅದೂ ನಮ್ಮ ಕಡೆ ಬೆಳೆಯುವುದೇ.